ಅಜ್ಜನ ಸರ್ವಿಸ್ ರೆಕಾರ್ಡ್ ಕೈಗೆ ಬರಲು ಹದಿನಾಲ್ಕು ತಿಂಗಳು

ಕಳೆದ ವಾರ ಆಯಿಯ ಪಿಂಚಣಿ ಸರಿಹೋಯಿತು. ಹದಿನಾಲ್ಕು ತಿಂಗಳು ಹಿಡಿಯಿತು. ಪಿಂಚಣಿಗೆ ಅಂತ ಶುರುವಾದ ಓಡಾಟ ಕೊನೆಗೆ ನನ್ನ ಅಜ್ಜ ಎರಡನೇ ಮಹಾಯುದ್ಧದಲ್ಲಿ ಏನು ಕೆಲಸ ಮಾಡಿದ್ದರು ಅನ್ನುವಲ್ಲಿಗೆ ಬಂದು ನಿಂತಿತು. ಪುಣೆಯಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಫೌಜಿನ ಹಳೇ ಟ್ರಂಕ್ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆಯಿ ಅಂದರೆ ನನ್ನ ತಾಯಿಯ ತಾಯಿ. ಧಾರವಾಡದ ಕಡೆ ನಮ್ಮ ಮನೆಗಳಲ್ಲಿ ಅಜ್ಜಿಯನ್ನು ಹಾಗೇ ಕರೆಯುತ್ತೇವೆ. ಪುಣೆಯಲ್ಲಿ ಆಯಿ ಅಂದರೆ ಅಮ್ಮ. ಇದರಿಂದ ಒಂದು ಅರ್ಜಿಯಲ್ಲಿ ನನ್ನನ್ನು ಮಗಳು ಅಂತ ಬರೆದುಬಿಟ್ಟರು, ಅದನ್ನು ತಿದ್ದಿಸಲು ಇನ್ನೊಂದು ದಿನ ಹೋಯಿತು. ಕೌಂಟರಿನಲ್ಲಿ ಸಂಬಂಧ ಹೇಳುವಾಗ ಮರಾಠಿಯಲ್ಲಿ 'ಆಜಿ' ಅನ್ನಿ.

ಅಜ್ಜ 1991ರಲ್ಲಿ ತೀರಿಕೊಂಡರು. ನಿವೃತ್ತಿಯಾದಾಗ ಮೇಜರ್. ಅಂದಿನಿಂದ ಆಯಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಖಡಕಿಯ ಹಳೇ ಮನೆಯಲ್ಲಿ ಆಯಿಯೂ ನನ್ನ ತಾಯಿಯೂ ಇರುತ್ತಾರೆ. 2024ರ ಜೂನ್‌ನಲ್ಲಿ ಪಕ್ಕದ ಮನೆಯ ನಿವೃತ್ತ ಸುಬೇದಾರ್ ಸಾಹೇಬರು ಆಯಿಯ ಪಾಸ್‌ಬುಕ್ ನೋಡಿ ನನ್ನನ್ನು ಕರೆದರು. "ಇವರಿಗೆ ತೊಂಬತ್ತೈದು ದಾಟಿದೆ. ಹೆಚ್ಚುವರಿ ಪಿಂಚಣಿ ಎಲ್ಲಿ?" ಅಂದರು.

ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದ ಮೇಲೆ ಮೂಲ ಪಿಂಚಣಿಯ ಶೇ. 20 ಜಾಸ್ತಿ ಸಿಗಬೇಕು. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50. ನೂರು ತುಂಬಿದರೆ ಮತ್ತೊಂದು ಪಿಂಚಣಿಯಷ್ಟೇ. ಆಯಿಗೆ ಹದಿನೈದು ವರ್ಷದಿಂದ ಇದರಲ್ಲಿ ಒಂದು ಪೈಸೆಯೂ ಬಂದಿರಲಿಲ್ಲ. ಕಾರಣ ಸಣ್ಣದು. ಪಿಪಿಒ, ಅಂದರೆ ಪಿಂಚಣಿ ಆದೇಶದ ಕಾಗದದಲ್ಲಿ, ಆಯಿಯ ಜನ್ಮ ತಾರೀಖು ಇರಲಿಲ್ಲ. ತಾರೀಖು ಇಲ್ಲದಿದ್ದರೆ ವಯಸ್ಸು ಎಷ್ಟಾಯಿತು ಅಂತ ಯಾವ ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲಿ 80 ದಾಟಿದವರಿದ್ದರೆ ಇವತ್ತೇ ಪಿಪಿಒ ತೆಗೆದು ಆ ಒಂದು ಸಾಲು ನೋಡಿ.

ಮೊದಲು ಹೋದ ಕಚೇರಿಯ ಹೆಸರು ಬೇಡ. ಬೆಳಿಗ್ಗೆ ಹತ್ತಕ್ಕೆ ಹೋದವಳು ಮೂರು ಗಂಟೆಗೆ ಕೌಂಟರ್ ಮುಟ್ಟಿದೆ. ಅಲ್ಲಿ ಎರಡು ತೊಡಕು ಹೊರಬಿದ್ದವು. ಆಧಾರಿನಲ್ಲಿ ಆಯಿಯ ಹುಟ್ಟಿದ ಇಸವಿ ಮಾತ್ರ ಇತ್ತು, 1929. ತಿಂಗಳು, ದಿನ ಇರಲಿಲ್ಲ. ಎರಡನೆಯದು ಹೆಸರು. ಆಧಾರಿನಲ್ಲಿ ಆಯಿಯ ಹೆಸರಿನ ಕೊನೆಗೆ 'ಅವ್ವ' ಇದೆ. ಪಿಪಿಒದಲ್ಲಿ 'ಬಾಯಿ' ಇದೆ. ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಸಂಸಾರ ಮಾಡಿದ ಎಷ್ಟೋ ಹೆಣ್ಣುಮಕ್ಕಳ ಹೆಸರು ಹೀಗೆ ಬದಲಾಗಿದೆ. ಮನೆಯಲ್ಲಿ ಯಾರಿಗೂ ಅದು ಎರಡು ಹೆಸರು ಅನ್ನಿಸಿರಲಿಲ್ಲ. ಕೌಂಟರಿನಲ್ಲಿ ಇಬ್ಬರು ಬೇರೆ ಬೇರೆ ಹೆಂಗಸರು ಆಗಿಬಿಟ್ಟರು.

"ಅಧಿಕಾರಿಯ ಸರ್ವಿಸ್ ರೆಕಾರ್ಡ್ ತನ್ನಿ, ಅದರಲ್ಲಿ ಹೆಂಡತಿಯ ವಿವರ ಇರುತ್ತದೆ" ಅಂದರು. ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಹಿಂದಿನವರನ್ನು ಕರೆದರು.

ಆವತ್ತು ಸಂಜೆ ಟ್ರಂಕ್ ತೆಗೆದೆವು. ಕರಿ ಬಣ್ಣದ ಕಬ್ಬಿಣದ ಟ್ರಂಕ್, ಮೇಲೆ ಬಿಳಿ ಅಕ್ಷರದಲ್ಲಿ ಅಜ್ಜನ ನಂಬರ್. ಒಳಗೆ ಒಂದು ಉಣ್ಣೆಯ ಕೋಟು, ತುಕ್ಕು ಹಿಡಿದ ಕಂಪಾಸು, ಒಂದು ಬಟ್ಟೆಯ ಗಂಟಿನಲ್ಲಿ ಪದಕಗಳು. ಅದರಲ್ಲಿ ಒಂದು ಆರು ಮೂಲೆಯ ನಕ್ಷತ್ರ. ಅದರ ರಿಬ್ಬನ್ ಕಡುನೀಲಿ, ನಡುವೆ ಕೆಂಪು, ಆಚೀಚೆ ಕಿತ್ತಳೆ ಗೆರೆ. ಅದು ಬರ್ಮಾ ಸ್ಟಾರ್ ಅಂತ ಸುಬೇದಾರ್ ಸಾಹೇಬರು ನೋಡಿದ ಕೂಡಲೇ ಹೇಳಿದರು. ಅಜ್ಜ ಬರ್ಮಾ ಗಡಿಗೆ ಹೋಗಿದ್ದರು ಅನ್ನುವುದೇ ನನ್ನ ತಾಯಿಗೆ ಗೊತ್ತಿರಲಿಲ್ಲ. ಆಯಿಯನ್ನು ಕೇಳಿದರೆ, "ಆಫೀಸ್ ಕೆಲಸ ಮಾಡ್ತಿದ್ರು ಅಂತ ಹೇಳ್ತಿದ್ರವಾ. ನಾ ಎಂದೂ ಕೇಳಲಿಲ್ಲ, ಅವರೂ ಹೇಳಲಿಲ್ಲ" ಅಂದರು.

ನಾವು ಮಾಡಿದ ದೊಡ್ಡ ತಪ್ಪು ಇಲ್ಲಿದೆ, ಗಮನಿಸಿ. ಸೇನೆಯಲ್ಲಿ ಸಿಪಾಯಿ, ಹವಾಲ್ದಾರ್, ಜೆಸಿಒ (ಸುಬೇದಾರ್ ದರ್ಜೆಯವರು) ಇವರ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ. ಕಮಿಷನ್ ಪಡೆದ ಅಧಿಕಾರಿಗಳದ್ದು ದೆಹಲಿಯಲ್ಲಿ, ಸೇನಾ ಕೇಂದ್ರ ಕಚೇರಿಯಲ್ಲಿ. ಅಜ್ಜ ಮರಾಠಾ ಲೈಟ್ ಇನ್‌ಫಂಟ್ರಿಯವರು ಅಂತ ಮಾತ್ರ ನಮಗೆ ಗೊತ್ತಿತ್ತು. ಅದರ ಕೇಂದ್ರ ಬೆಳಗಾವಿ. ಸರಿ, ನಾನು ಬೆಳಗಾವಿಗೆ ಬರೆದೆ. ಆರು ವಾರ ಕಾದ ಮೇಲೆ ಮರ್ಯಾದೆಯ ಉತ್ತರ ಬಂತು. ಇವರು 1940ರಲ್ಲಿ ಕ್ಲರ್ಕ್ ಆಗಿ ಸೇರಿದ್ದು ನಿಜ, 1943ರಲ್ಲಿ ಎಮರ್ಜೆನ್ಸಿ ಕಮಿಷನ್ ಸಿಕ್ಕಿ ಅಧಿಕಾರಿಯಾದರು, ಮುಂದಿನ ಕಾಗದ ದೆಹಲಿಯಲ್ಲಿ ವಿಚಾರಿಸಿ ಅಂತ ಇತ್ತು. ಅಜ್ಜನಿಗೆ ಹೀಗೆ ಮೂರು ನಂಬರ್ ಇದ್ದವು. ಸಿಪಾಯಿಯಾಗಿದ್ದಾಗ ರೆಜಿಮೆಂಟಿನ ನಂಬರ್, ಯುದ್ಧಕಾಲದಲ್ಲಿ ಐಇಸಿ ಅಂತ ಶುರುವಾಗುವ ನಂಬರ್, ಸ್ವಾತಂತ್ರ್ಯದ ಮೇಲೆ ಕಾಯಂ ಕಮಿಷನ್ನಿನ ಐಸಿ ನಂಬರ್. ಅರ್ಜಿಯಲ್ಲಿ ಮೂರನ್ನೂ ಬರೆಯಿರಿ. ಒಂದನ್ನೇ ಬರೆದರೆ ಮೂರನೇ ಒಂದು ಭಾಗದ ಅಜ್ಜ ಮಾತ್ರ ಸಿಗುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಿದೆ. ಫೀ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಬಂತು, ಆದರೆ ಇದು ಇನ್ನೊಬ್ಬರ ವೈಯಕ್ತಿಕ ಮಾಹಿತಿ, ಕೊಡಲಾಗದು ಅಂತ. ಓದಿ ಅಳು ಬಂತು. ಸತ್ತು ಮೂವತ್ತಮೂರು ವರ್ಷ ಆದ ಮನುಷ್ಯ, ಕೇಳುತ್ತಿರುವವಳು ಅವರ ಮೊಮ್ಮಗಳು, ಇನ್ನೊಬ್ಬರು ಹೇಗಾಗುತ್ತೇನೆ? ಆಮೇಲೆ ಸಮಾಧಾನದಿಂದ ಯೋಚಿಸಿದಾಗ ತಪ್ಪು ನನ್ನಲ್ಲೂ ಇತ್ತು. ಅರ್ಜಿ ನನ್ನ ಹೆಸರಲ್ಲಿ ಹಾಕಿದ್ದೆ, ಸಂಬಂಧಕ್ಕೆ ಪುರಾವೆ ಇಟ್ಟಿರಲಿಲ್ಲ. ಮೊದಲ ಮೇಲ್ಮನವಿಗೆ ಫೀ ಇಲ್ಲ, ಆದರೆ ಉತ್ತರ ಬಂದ 30 ದಿನದೊಳಗೆ ಹಾಕಬೇಕು. ಈ ಸಲ ಆಯಿಯ ಹೆಸರಲ್ಲೇ ಹಾಕಿದೆವು. ಅಜ್ಜನ ಮರಣ ಪತ್ರ, ಪಿಪಿಒ, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದರ ಮೇಲೆ ಆಯಿಯ ಸಹಿ. ಆಯಿ ಒಂದೊಂದು ಸಹಿಗೂ ಐದು ನಿಮಿಷ ತೆಗೆದುಕೊಂಡರು. ಹನ್ನೊಂದು ಸಹಿ.

ಅಷ್ಟರಲ್ಲಿ ಹೆಸರಿನ ಕೆಲಸ ಮುಗಿಸೋಣ ಅಂತ ಅಫಿಡವಿಟ್ ಮಾಡಿಸಲು ಹೋದೆ. ಸುಬೇದಾರ್ ಸಾಹೇಬರು 100 ರೂಪಾಯಿಯ ಸ್ಟಾಂಪ್ ಪೇಪರ್ ಅಂದಿದ್ದರು. 2024ರ ಅಕ್ಟೋಬರ್‌ನಿಂದ ಮಹಾರಾಷ್ಟ್ರದಲ್ಲಿ ಅದು 500 ಆಗಿತ್ತು. ನೋಟರಿಗೆ 250. ಎರಡು ಪತ್ರಿಕೆಯಲ್ಲಿ, ಒಂದು ಇಂಗ್ಲಿಷ್, ಒಂದು ಮರಾಠಿ, ಹೆಸರಿನ ಜಾಹೀರಾತಿಗೆ 2,600. ಪತ್ರಿಕೆಯ ಪೂರ್ತಿ ಪುಟ ಇಟ್ಟುಕೊಳ್ಳಿ, ಜಾಹೀರಾತು ಮಾತ್ರ ಕತ್ತರಿಸಬೇಡಿ. ನಾನು ಕತ್ತರಿಸಿಬಿಟ್ಟಿದ್ದೆ. ತಾರೀಖು ಕಾಣುವುದಿಲ್ಲ ಅಂತ ಹಿಂದಕ್ಕೆ ಕಳಿಸಿದರು. ಹಳೇ ಪತ್ರಿಕೆ ಹುಡುಕಲು ಮತ್ತೆ ಒಂದು ವಾರ.

ಇದರ ನಡುವೆ ಜೀವಿತ ಪ್ರಮಾಣ ಪತ್ರದ ಹೊತ್ತು ಬಂತು. 80 ದಾಟಿದವರು ನವೆಂಬರ್‌ವರೆಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ಆಯಿಯ ಬೆರಳಿನ ಗೆರೆ ಸವೆದಿದೆ, ಯಂತ್ರ ಹಿಡಿಯಲಿಲ್ಲ. ಮೊಬೈಲಿನಲ್ಲಿ ಮುಖ ತೋರಿಸುವ ವ್ಯವಸ್ಥೆ ಇದೆ, ಅದರಲ್ಲಿ ಎರಡೇ ನಿಮಿಷದಲ್ಲಿ ಆಯಿತು. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕಿಟಕಿಯ ಹತ್ತಿರ ಕೂರಿಸಿ, ಸಾಕು.

2025ರ ಜನವರಿ ಕೊನೆಗೆ ಲಕೋಟೆ ಬಂತು. ಮೂರು ಹಾಳೆಯ ಜೆರಾಕ್ಸ್. ಅಷ್ಟೇ. ಇಪ್ಪತ್ತೊಂಬತ್ತು ವರ್ಷದ ನೌಕರಿ ಮೂರು ಹಾಳೆಯಲ್ಲಿ.

ಕೊನೆಯ ಹಾಳೆ ಮೊದಲು ನೋಡಿದೆವು, ನಮಗೆ ಬೇಕಿದ್ದದ್ದು ಅಲ್ಲಿತ್ತು. ಹೆಂಡತಿಯ ಹೆಸರು, ಮದುವೆಯ ದಿನ, ಹೆಂಡತಿ ಹುಟ್ಟಿದ ದಿನ: 14 ಜನವರಿ 1929. ಅಜ್ಜನದೇ ಕೈಬರಹ. ಆಯಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಂಕ್ರಾಂತಿ ಮುಂದ ಹುಟ್ಟೀದಿ ಅಂತ ನಮ್ಮವ್ವ ಹೇಳ್ತಿದ್ಲು. ಇವರಿಗ್ಯಾರು ಹೇಳಿದ್ರೋ. ನಾನಂತೂ ಹೇಳಿಲ್ಲ" ಅಂದರು. ಬೇರೆಯವರಿಂದ ವಿಷಯ ತಿಳಿದುಕೊಂಡು ಬರೆದಿಡುವುದೇ ಆ ಮನುಷ್ಯನ ಕೆಲಸ ಆಗಿತ್ತು ಅಂತ ನನಗೆ ತಿಳಿದದ್ದು ಮೊದಲ ಎರಡು ಹಾಳೆ ಬಿಡಿಸಿದ ಮೇಲೆ.

ಆ ಹಾಳೆಗಳಲ್ಲಿ ಎಲ್ಲವೂ ಮೊಟಕು ಅಕ್ಷರ. ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು. 'ಐಒ' ಅಂದರೆ ಇಂಟೆಲಿಜೆನ್ಸ್ ಆಫೀಸರ್, ಗುಪ್ತಚರ ಅಧಿಕಾರಿ. 'ಎಫ್‌ಎಸ್‌ಎಸ್' ಅಂದರೆ ಫೀಲ್ಡ್ ಸೆಕ್ಯುರಿಟಿ ಸೆಕ್ಷನ್, ಪಡೆಯ ಭದ್ರತೆ ನೋಡುವ ತುಕಡಿ. 'ಜಿಎಸ್‌ಒ 3' ಅಂದರೆ ಜನರಲ್ ಸ್ಟಾಫ್ ಅಧಿಕಾರಿ, ಮೂರನೇ ದರ್ಜೆ. ಅದರ ಮುಂದೆ ಕಂಸದಲ್ಲಿ 'ಐ' ಇದ್ದರೆ ಗುಪ್ತಚರ ವಿಭಾಗ. ನಿಮ್ಮ ಮನೆಯ ಹಾಳೆಯಲ್ಲಿ ಇವು ಕಂಡರೆ ಆಫೀಸ್ ಕೆಲಸ ಅಂತ ಸುಮ್ಮನೆ ದಾಟಿಬಿಡಬೇಡಿ.

ಗುಪ್ತಚರ ಅಂದ ಕೂಡಲೇ ವೇಷ ಮರೆಸಿಕೊಂಡು ಓಡಾಡುವವರು ನೆನಪಾಗುತ್ತಾರೆ. ಬೆಟಾಲಿಯನ್ನಿನ ಗುಪ್ತಚರ ಅಧಿಕಾರಿಯ ಕೆಲಸ ಬೇರೆ. ಪಹರೆಗೆ ಹೋಗಿ ಬಂದವರನ್ನು ಕೂರಿಸಿ ಏನು ಕಂಡಿರಿ, ಎಷ್ಟು ಜನ, ಯಾವ ದಿಕ್ಕು ಅಂತ ಕೇಳಬೇಕು. ನಕ್ಷೆಯ ಮೇಲೆ ಗುರುತು ಹಾಕಬೇಕು. ಸತ್ತ ಶತ್ರುವಿನ ಜೇಬು ತಪಾಸಣೆ ಮಾಡಿ ಕಾಗದ ತೆಗೆಯಬೇಕು. ಜಪಾನಿ ಸೈನಿಕರು ಸೆರೆ ಸಿಕ್ಕುತ್ತಿದ್ದದ್ದು ಬಹಳ ಕಡಿಮೆ, ಆದರೆ ದಿನಚರಿ ಬರೆಯುವ ರೂಢಿ ಅವರಲ್ಲಿ ಇತ್ತು. ಆ ದಿನಚರಿಗಳು ದೊಡ್ಡ ಸುದ್ದಿಯ ಮೂಲ. ಅಜ್ಜನಿಗೆ ಕನ್ನಡ, ಮರಾಠಿ, ಹಿಂದೂಸ್ತಾನಿ, ಇಂಗ್ಲಿಷ್ ನಾಲ್ಕೂ ಬರುತ್ತಿತ್ತು, ಅಕ್ಷರ ಮುತ್ತಿನ ಹಾಗೆ. ಅದಕ್ಕೇ ಆರಿಸಿರಬೇಕು.

ಹಾಳೆಯ ಪ್ರಕಾರ 1944ರ ಮಾರ್ಚಿನಲ್ಲಿ ಅಜ್ಜ 5ನೇ ಮರಾಠಾದ 4ನೇ ಬೆಟಾಲಿಯನ್ನಿನ ಐಒ. ಆ ಬೆಟಾಲಿಯನ್ ಆಗ ಎಲ್ಲಿತ್ತು ಅಂತ ಹುಡುಕಿದೆ. ಮಣಿಪುರದ ಉಖ್ರುಲ್ ಕಡೆಯ ಸಾಂಗ್‌ಶಾಕ್. ತಾಂಗ್‌ಖುಲ್ ನಾಗಾ ಜನರ ಊರು, ಗುಡ್ಡದ ಮೇಲೆ. 50ನೇ ಪ್ಯಾರಾಶೂಟ್ ಬ್ರಿಗೇಡ್ ಜೊತೆ ಈ ಮರಾಠಾ ಬೆಟಾಲಿಯನ್ ಅಲ್ಲಿ ಜಪಾನಿಯರ ನಡುವೆ ಸಿಕ್ಕಿಬಿತ್ತು. ಮುಳ್ಳುತಂತಿ ಇರಲಿಲ್ಲ. ಬಂಡೆಯ ನೆಲ, ಆಳಕ್ಕೆ ತೋಡಲಾಗದು. ನೀರಿಗೆ ತತ್ವಾರ. ಮಾರ್ಚ್ 26ರ ರಾತ್ರಿ ಗುಡ್ಡ ಬಿಟ್ಟು ಕಾಡಿನ ದಾರಿಯಲ್ಲಿ ಇಂಫಾಲದ ಕಡೆ ಹೊರಡಲು ಆಜ್ಞೆ ಬಂತು. ಅಷ್ಟು ದಿನ ಅವರು ತಡೆದು ನಿಲ್ಲಿಸಿದ್ದರಿಂದ ಕೊಹಿಮಾಕ್ಕೆ ತಯಾರಿಗೆ ಕೆಲವು ದಿನ ಸಿಕ್ಕಿತು. ಕೊಹಿಮಾದ ಯುದ್ಧ ಶುರುವಾದದ್ದು ಏಪ್ರಿಲ್ 4ಕ್ಕೆ.

ಅದೇ ಗುಡ್ಡದಲ್ಲಿ ಸತ್ತ ಒಬ್ಬ ಜಪಾನಿ ಅಧಿಕಾರಿಯ ಬಳಿ ಒಂದು ನಕ್ಷೆ ಸಿಕ್ಕಿತ್ತು. ಒಂದು ಪೂರ್ತಿ ಡಿವಿಷನ್ ಕೊಹಿಮಾದ ಕಡೆ ಹೊರಟಿದೆ ಅಂತ ಅದರಲ್ಲಿ ಇತ್ತು. ಅಷ್ಟು ದೊಡ್ಡ ಪಡೆ ಆ ಕಾಡು ದಾಟಿ ಬರುತ್ತದೆ ಅಂತ ಮೇಲಿನವರು ಎಣಿಸಿರಲಿಲ್ಲ. ಬ್ರಿಗೇಡಿನ ಗುಪ್ತಚರ ಅಧಿಕಾರಿ ಅದರ ಪ್ರತಿ ತೆಗೆದು, ಶತ್ರುಗಳ ನಡುವಿಂದ ನುಸುಳಿ ಇಂಫಾಲಕ್ಕೆ ಮುಟ್ಟಿಸಿದರು. ಅವರು ಬ್ರಿಗೇಡಿನವರು, ನನ್ನ ಅಜ್ಜ ಅಲ್ಲ. ಆದರೂ ಅದೇ ಗುಡ್ಡ, ಅದೇ ವಾರ, ಅದೇ ಕೆಲಸ.

ಇದನ್ನು ಆಯಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ನಕ್ಷೆಯ ಬಗ್ಗೆ ಅವರು ಏನೂ ಕೇಳಲಿಲ್ಲ. "ನೀರು ಇರಲಿಲ್ಲಾ ಅಂದೇನು?" ಅಂದರು. ಹೌದು ಅಂದೆ. ಆಯಿ ನನ್ನ ತಾಯಿಯ ಮುಖ ನೋಡಿದರು. ಅಜ್ಜ ಮಲಗುವಾಗ ತಲೆಯ ಹತ್ತಿರ ಎರಡು ತಂಬಿಗೆ ನೀರು ಇರಲೇಬೇಕಿತ್ತು. ರಾತ್ರಿ ಎದ್ದು ಮುಟ್ಟಿ ನೋಡುತ್ತಿದ್ದರಂತೆ. ಲೋಟದಲ್ಲಿ ನೀರು ಬಿಟ್ಟು ಎದ್ದರೆ ನಮಗೆ ಬೈಗುಳ ತಪ್ಪುತ್ತಿರಲಿಲ್ಲ, ಅದು ನನಗೇ ನೆನಪಿದೆ.

ಮುಂದಿನ ಸಾಲು, 1944ರ ಕೊನೆಗೆ, ಕರಾಚಿಯ ಇಂಟೆಲಿಜೆನ್ಸ್ ಸ್ಕೂಲಿನಲ್ಲಿ ತರಬೇತಿ. ಅದರ ಮುಂದಿನದು 1945ರ ಮೇ: 'ಸಿಎಸ್‌ಡಿಐಸಿ, ದೆಹಲಿ'.

ಈ ಐದು ಅಕ್ಷರ ಬಿಡಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಸೆರೆಯಾಳುಗಳನ್ನು ವಿಚಾರಣೆ ಮಾಡುವ ಕೇಂದ್ರ, ಕೆಂಪು ಕೋಟೆಯಲ್ಲಿ ಇತ್ತು. ಅಲ್ಲಿಗೆ ತಂದದ್ದು ನಮ್ಮವರನ್ನೇ, ಸುಭಾಷರ ಆಜಾದ್ ಹಿಂದ್ ಫೌಜಿನವರನ್ನು. ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಅಂತ ಮೂರು ಗುಂಪು ಮಾಡುತ್ತಿದ್ದರು. ಬ್ರಿಟಿಷರಿಗೆ ಇನ್ನೂ ನಿಷ್ಠರು ಅನ್ನಿಸಿದವರು ಬಿಳಿ. ಯಾರದೋ ಮಾತು ಕೇಳಿ ಹೋದವರು ಬೂದು. ಮನಸಾರೆ ಹೋದವರು ಕಪ್ಪು.

ನಮ್ಮ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, 1942ರ ಚಳವಳಿಯಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದವರು. ಅಣ್ಣತಮ್ಮ ಜೀವನಪೂರ್ತಿ ಮಾತಾಡಲಿಲ್ಲ. ಹೊಲದ ಜಗಳ ಅಂತ ನಮಗೆ ಹೇಳಿದ್ದರು. ಆ ಮನೆಯವರು ನಮ್ಮ ಮದುವೆಗಳಿಗೆ ಬರಲಿಲ್ಲ, ನಾವು ಅವರ ಮನೆಯ ಸಾವಿಗೆ ಹೋಗಲಿಲ್ಲ. ನನಗೆ ಆ ರಾತ್ರಿ ಅಜ್ಜನ ಮೇಲೆ ಸಿಟ್ಟು ಬಂತು. ನನ್ನನ್ನು ಹೆಗಲ ಮೇಲೆ ಹೊತ್ತು ಮುಳಾ ನದಿಯ ದಂಡೆಗೆ ಕರೆದೊಯ್ಯುತ್ತಿದ್ದ ಮನುಷ್ಯ, ಯಾರನ್ನು ಕಪ್ಪು ಅಂತ ಬರೆದಿರಬಹುದು?

ಪಿಂಚಣಿಗೆ ಇದು ಬೇಕಿರಲಿಲ್ಲ. ಆದರೂ ಮಾರ್ಚಿನಲ್ಲಿ ನಾನೂ ತಮ್ಮನೂ ದೆಹಲಿಗೆ ಹೋದೆವು. ಇಬ್ಬರಿಗೂ ಸೇರಿ ಸುಮಾರು 14,000 ಆಯಿತು. ಜನಪಥದ ರಾಷ್ಟ್ರೀಯ ಪತ್ರಾಗಾರಕ್ಕೆ ರಕ್ಷಣಾ ಸಚಿವಾಲಯ 1997ರಲ್ಲಿ ಆಜಾದ್ ಹಿಂದ್ ಫೌಜಿನ 990 ಕಡತಗಳನ್ನು ಕೊಟ್ಟಿದೆ. ಹೋಗುವ ಮೊದಲು 'ಅಭಿಲೇಖ್ ಪಟಲ್' ಅನ್ನುವ ಅವರ ಜಾಲತಾಣದಲ್ಲಿ ನೋಂದಾಯಿಸಿ ಹುಡುಕಿ, ಕಡತದ ಸಂಖ್ಯೆ ಬರೆದುಕೊಂಡು ಹೋಗಿ. ಸ್ಕ್ಯಾನ್ ಆಗಿರುವುದನ್ನು ಮನೆಯಲ್ಲೇ ಓದಬಹುದು. ನಾವು ಸೋಮವಾರ ಮೊದಲು ಕೆಂಪು ಕೋಟೆಗೆ ಹೋಗಿ ನಿಂತೆವು. ಸೋಮವಾರ ಅಲ್ಲಿ ರಜೆ. ನೀವು ಹಾಗೆ ಮಾಡಬೇಡಿ.

ಎರಡು ದಿನ ಕಡತ ಓದಿದೆ. ಅಜ್ಜನ ಹೆಸರು ಸಿಗಲಿಲ್ಲ. ಬುಧವಾರ ಕೆಂಪು ಕೋಟೆಯ ಒಳಗಿನ ಸುಭಾಷ್ ಚಂದ್ರ ಬೋಸ್ ಮತ್ತು ಐಎನ್ಎ ಮ್ಯೂಸಿಯಮ್ಮಿಗೆ ಹೋದೆವು. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳಾದ ಶಾನವಾಜ್ ಖಾನ್, ಪ್ರೇಮ್ ಸಹಗಲ್, ಗುರ್‌ಬಕ್ಷ್ ಸಿಂಗ್ ಧಿಲ್ಲೋನ್ ಮೂವರ ಮೊಕದ್ದಮೆ ಇದೇ ಕೋಟೆಯಲ್ಲಿ 1945ರ ನವೆಂಬರ್ 5ರಂದು ಶುರುವಾಯಿತು. ಭೂಲಾಭಾಯಿ ದೇಸಾಯಿ ವಾದಿಸಿದರು. ಜೀವಾವಧಿ ಗಡೀಪಾರಿನ ಶಿಕ್ಷೆ ಆಯಿತು, ಆದರೆ ಹೊರಗೆ ದೇಶ ಎದ್ದು ನಿಂತಿತ್ತು. 1946ರ ಜನವರಿ ಮೊದಲ ವಾರದಲ್ಲಿ ಸೇನಾಧಿಪತಿ ಆಕಿನ್‌ಲೆಕ್ ಆ ಶಿಕ್ಷೆ ಮನ್ನಾ ಮಾಡಿ ಬಿಡಬೇಕಾಯಿತು.

ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಜೆರಾಕ್ಸ್ ಮತ್ತೆ ತೆಗೆದೆ. ತಮ್ಮ ಬೆರಳಿಟ್ಟು ತೋರಿಸಿದ. 1945ರ ಡಿಸೆಂಬರ್ 3. ಫೀಲ್ಡ್ ಸೆಕ್ಯುರಿಟಿ ಸೆಕ್ಷನ್ನಿಗೆ ವರ್ಗ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಸ್ವಂತ ಕೋರಿಕೆಯ ಮೇರೆಗೆ' ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಇಪ್ಪತ್ತೊಂಬತ್ತು ವರ್ಷದ ಹಾಳೆಯಲ್ಲಿ ಆ ಮಾತು ಒಂದೇ ಸಲ ಬಂದಿದೆ. ಮೊಕದ್ದಮೆ ಶುರುವಾಗಿ ನಾಲ್ಕು ವಾರ ಆಗಿತ್ತು. ಯಾಕೆ ಕೇಳಿಕೊಂಡರು ಅಂತ ಬರೆಯಲು ಆ ಹಾಳೆಯಲ್ಲಿ ಕಾಲಂ ಇಲ್ಲ. ನಾನೂ ತಮ್ಮನೂ ಬಹಳ ಹೊತ್ತು ಅಲ್ಲೇ ಕೂತಿದ್ದೆವು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ರೆಕಾರ್ಡಿನ ಪ್ರತಿ ಇಟ್ಟು ಆಧಾರಿನಲ್ಲಿ ಪೂರ್ತಿ ತಾರೀಖು ಹಾಕಿಸಿದೆವು, ಆಗ 50 ರೂಪಾಯಿ ಇತ್ತು. ಅಫಿಡವಿಟ್, ಪತ್ರಿಕೆಯ ಪುಟ, ರೆಕಾರ್ಡು, ಆಧಾರ್ ಎಲ್ಲ ಸೇರಿಸಿ ಏಪ್ರಿಲ್‌ನಲ್ಲಿ ಕೊಟ್ಟೆವು. ಒಂದು ಸಲ ಹಿಂದಕ್ಕೆ ಬಂತು, ಒಂದು ಪುಟದ ಮೇಲೆ ಆಯಿಯ ಸಹಿ ಇರಲಿಲ್ಲ. ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ. ಕೊಟ್ಟ ಪ್ರತಿಯೊಂದಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಮ್ಮದು ಒಂದು ಸಲ ಕಳೆದಾಗ ಆ ಮುದ್ರೆಯೇ ಕಾಪಾಡಿತು. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಬೇಡ, ತುಕ್ಕಿನ ಪಿನ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿಡಿ. ಆಗಸ್ಟ್ ಮೊದಲ ವಾರ ಹೊಸ ಪಿಪಿಒ ಬಂತು, ಕಳೆದ ವಾರ ಬಾಕಿ ಹಣವೂ ಖಾತೆಗೆ ಬಂತು.

ಅಜ್ಜ ಪ್ರತಿ ವರ್ಷ ಮಾರ್ಚ್ ಕೊನೆಗೆ ಒಂದು ದಿನ ಖಡಕಿಯ ಯುದ್ಧ ಸ್ಮಶಾನಕ್ಕೆ ಒಬ್ಬರೇ ಹೋಗುತ್ತಿದ್ದರಂತೆ. ಸಾಂಗ್‌ಶಾಕಿನ ಮರಾಠಾದವರು ಅಲ್ಲಿಲ್ಲ. ಆ ಭಾಗದಲ್ಲಿ ಸತ್ತು ದಹನವಾದ 868 ಹಿಂದೂ, ಸಿಖ್ ಸೈನಿಕರ ಹೆಸರು ಇಂಫಾಲದ ಸ್ಮಾರಕದಲ್ಲಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ರೆಜಿಮೆಂಟ್ ಮತ್ತು ತಿಂಗಳು ಹಾಕಿ ಹುಡುಕಿದರೆ ಹೆಸರು, ಊರು ಬರುತ್ತವೆ, ಖರ್ಚಿಲ್ಲ. 1944ರ ಮಾರ್ಚ್ ಹಾಕಿ ನಾನೂ ಹುಡುಕಿದೆ. ಆ ಪಟ್ಟಿಯನ್ನು ಆಯಿಗೆ ಪೂರ್ತಿ ಓದಿದೆ. ಒಂದು ಗಂಟೆ ಕೇಳಿದರು.

ಬಾಕಿ ಹಣ ಬಂದ ದಿನ ಆಯಿ ಒಂದೇ ಮಾತು ಹೇಳಿದರು. "ಆ ಕಾಗದದ್ದೊಂದು ಪ್ರತಿ ಭಾವನವರ ಮನಿಗೆ ಕಳಸು." ದೊಡ್ಡಜ್ಜ ಈಗಿಲ್ಲ, ಅವರ ಮೊಮ್ಮಗ ಬೆಳಗಾವಿಯಲ್ಲಿದ್ದಾರೆ. ಮೂರು ಹಾಳೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಡಿಸೆಂಬರ್ 3ರ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ, ಬೇರೆ ಏನೂ ಬರೆಯಲಿಲ್ಲ. ನಿನ್ನೆ ರಾತ್ರಿ ಫೋನ್ ಬಂತು. ನನ್ನನ್ನು ಅಕ್ಕ ಅಂತ ಕರೆದರು. ಆಯಿ ಇನ್ನೂ ಮಾತಾಡುತ್ತಾರಾ ಅಂತ ಕೇಳಿದರು. ಫೋನನ್ನು ಆಯಿಯ ಕಿವಿಗೆ ಹಿಡಿದೆ.